ಉಂಡದ್ದು ಮೈಗೆ ಹತ್ತುವುದು ಯಾರ ಅಪ್ಪಣೆಯಿಂದ?



ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಗೊಬ್ಬೂರ ಸಿಗುತ್ತದೆ. ತೊಗರಿ, ಜೋಳ, ಹತ್ತಿ ಬೆಳೆಯುವ ಊರು. ಅಲ್ಲಿಯ ಯಾವುದಾದರೂ ಒಂದು ಮನೆಯ ಊಟದ ಹೊತ್ತನ್ನು ನೆನೆಸಿಕೊಳ್ಳಿ. ಅಣ್ಣ ತಮ್ಮ ಇಬ್ಬರೂ ಉಣ್ಣಲು ಕೂತಿದ್ದಾರೆ. ಒಂದೇ ಒಲೆಯ ರೊಟ್ಟಿ, ಒಂದೇ ಗಡಿಗೆಯ ಬ್ಯಾಳಿ, ಅದೇ ಶೇಂಗಾ ಹಿಂಡಿ. ಅಣ್ಣ ನಾಲ್ಕು ರೊಟ್ಟಿ ಉಂಡರೂ ಪಕ್ಕೆಲುಬು ಎಣಿಸಬಹುದು. ತಮ್ಮ ಎರಡಕ್ಕೇ ಕೈ ತೊಳೆದರೂ ಅಂಗಿಯ ಗುಂಡಿ ಬಿಗಿಯುತ್ತದೆ. ಅವ್ವ ಅಣ್ಣನಿಗೆ ಹೇಳುತ್ತಾಳೆ: "ನಿನಗ ಉಂಡದ್ದು ಮೈಗೆ ಹತ್ತಂಗಿಲ್ಲ ನೋಡಪಾ." ತಮ್ಮನಿಗೆ ಊರೇ ಬುದ್ಧಿ ಹೇಳುತ್ತದೆ: "ತುಸು ಬಾಯಿ ಕಟ್ಟೋ ತಮ್ಮಾ."

ಮೈಗೆ ಹತ್ತಬೇಕೋ ಬೇಡವೋ ಎಂದು ಅಪ್ಪಣೆ ಕೊಡುವವರು ಯಾರು? ಹೊಟ್ಟೆಯೋ, ನಾಲಿಗೆಯೋ? ಆ ಅಪ್ಪಣೆ ಬಹುಪಾಲು ತಲೆಯೊಳಗಿಂದ, ಮಿದುಳಿನಿಂದ ಬರುತ್ತದೆ. ಇವತ್ತಿನ ಮಾತು ಅದರದ್ದೇ.

ಮೊದಲು ಒಂದು ಲೆಕ್ಕ. ಹೊಲದಲ್ಲಿ ಹದವಾಗಿ ದುಡಿಯುವ ಒಬ್ಬ ಮನುಷ್ಯ ದಿನಕ್ಕೆ ಎರಡು ಸಾವಿರದ ಚಿಲ್ಲರೆ ಕ್ಯಾಲೊರಿ ಉಣ್ಣುತ್ತಾನೆ ಎನ್ನೋಣ. ವರ್ಷಕ್ಕೆ ಎಂಟು ಲಕ್ಷ ಆಯಿತು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು ಎಂಟು ಸಾವಿರ ಕ್ಯಾಲೊರಿ ಅಡಗಿರುತ್ತದೆ. ಅಂದರೆ ನೂರಕ್ಕೆ ಒಂದರಷ್ಟು ಹೆಚ್ಚು ಉಂಡರೂ ವರ್ಷದ ಕೊನೆಗೆ ಮೈಮೇಲೆ ಒಂದು ಕಿಲೋ ಏರಬೇಕು. ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಕಿಲೋ. ಇಷ್ಟು ಸೂಕ್ಷ್ಮವಾಗಿ ತೂಗಿ ಉಣ್ಣುವವರು ನಮ್ಮಲ್ಲಿ ಯಾರಿದ್ದಾರೆ? ಮದುವೆ ಸುಗ್ಗಿಯಲ್ಲಿ ಹೆಚ್ಚು ಉಣ್ಣುತ್ತೇವೆ. ಶ್ರಾವಣದ ಒಪ್ಪತ್ತಿನಲ್ಲಿ, ರಂಜಾನಿನ ರೋಜಾದಲ್ಲಿ ಕಡಿಮೆ ಉಣ್ಣುತ್ತೇವೆ. ಆದರೂ ಬಹಳ ಜನರ ತೂಕ ವರ್ಷದಿಂದ ವರ್ಷಕ್ಕೆ ಒಂದೆರಡು ಕಿಲೋದ ಆಚೀಚೆ ನಿಂತಿರುತ್ತದೆ. ನಾವು ಲೆಕ್ಕ ಇಟ್ಟಿಲ್ಲ. ಆದರೆ ಯಾರೋ ಇಟ್ಟಿದ್ದಾರೆ.

ಆ ಲೆಕ್ಕದ ಜಾಗ ಎಲ್ಲಿದೆ? ರೇಡಿಯೊದಲ್ಲಿ ಚಿತ್ರ ತೋರಿಸಲಾಗದು. ಹಾಗಾಗಿ ನಿಮ್ಮ ಬೆರಳನ್ನೇ ಎರಡು ಹುಬ್ಬುಗಳ ನಡುವೆ, ಮೂಗಿನ ಬುಡದ ಮೇಲೆ ಇಡಿ. ಅಲ್ಲಿಂದ ನೇರ ಹಿಂದಕ್ಕೆ ಒಂದು ಗೆರೆ ಎಳೆದಿರಿ ಎಂದುಕೊಳ್ಳಿ. ಈ ಕಿವಿಯಿಂದ ಆ ಕಿವಿಗೆ ಇನ್ನೊಂದು ಗೆರೆ. ಎರಡೂ ಕೂಡುವ ಜಾಗಕ್ಕೆ ತುಸು ಮುಂದೆ, ಮಿದುಳಿನ ತಳದಲ್ಲಿ, ನಾಲ್ಕು ಗ್ರಾಂ ತೂಕದ ಒಂದು ಭಾಗವಿದೆ. ಅದರ ಹೆಸರು ಹೈಪೊಥಲಾಮಸ್. ಹಸಿವು, ನೀರಡಿಕೆ, ಮೈಯ ಬಿಸಿ, ನಿದ್ದೆ ಎಲ್ಲದರ ಮೇಲೂ ಅದರ ಹಿಡಿತವಿದೆ.

ಇದು ಗೊತ್ತಾದದ್ದು ಇಲಿಗಳಿಂದ. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರಾನ್ಸನ್ ಎಂಬವರು ಇಲಿಗಳ ಹೈಪೊಥಲಾಮಸ್‌ನ ನಡುಭಾಗಕ್ಕೆ ಸೂಜಿಯ ಮೊನೆಯಷ್ಟು ಗಾಯ ಮಾಡಿದರು. ಇಲಿಗಳು ಅತಿಯಾಗಿ ಕೊಬ್ಬಿದವು. ಹನ್ನೊಂದು ವರ್ಷದ ಮೇಲೆ, 1951ರಲ್ಲಿ, ನಮ್ಮ ದೇಶದ ವೈದ್ಯ ಬಾಲಕೃಷ್ಣ ಆನಂದ್ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬ್ರೊಬೆಕ್ ಅವರ ಜತೆ ಕೆಲಸ ಮಾಡುತ್ತಿದ್ದರು. ಅವರು ಅದೇ ಭಾಗದ ಎರಡು ಪಕ್ಕಗಳಿಗೆ ಗಾಯ ಮಾಡಿದರು. ಈಗ ಆದದ್ದೇ ಬೇರೆ. ಇಲಿಗಳು ತಿನ್ನುವುದನ್ನೇ ನಿಲ್ಲಿಸಿಬಿಟ್ಟವು. ಮುಂದೆ ಕಾಳು ಸುರಿದಿದ್ದರೂ ಮೂಸಲಿಲ್ಲ. ಉಪವಾಸವೇ ಸತ್ತವು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ಹಸಿವಿನ ವಿಜ್ಞಾನದ ಪುಸ್ತಕ ಯಾವ ದೇಶದ್ದೇ ಇರಲಿ, ಈ ಭಾರತೀಯನ ಹೆಸರು ಅದರಲ್ಲಿ ಬರುತ್ತದೆ. ನಮ್ಮ ಶಾಲೆಯ ಪುಸ್ತಕಗಳಲ್ಲೂ ಬಂದರೆ ಚೆನ್ನಾಗಿತ್ತು.

ಇಲ್ಲಿಯ ತನಕ ಹೇಳಿದ್ದು ಇಷ್ಟು. ತೂಕದ ಲೆಕ್ಕ ನಾವಿಡುವುದಿಲ್ಲ, ಮಿದುಳು ಇಡುತ್ತದೆ. ಆ ಲೆಕ್ಕದ ಜಾಗ ಹೈಪೊಥಲಾಮಸ್. ಈಗ ಮುಂದಿನ ಪ್ರಶ್ನೆ. ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ತಲೆಬುರುಡೆಯೊಳಗಿನ ಮಿದುಳಿಗೆ ತಿಳಿಯುವುದು ಹೇಗೆ?

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿತ್ತು. ಹಿರಿಯರಿಗೆ ನೆನಪಿದ್ದೀತು. ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಕಿರಿದು, ಒಳಗೆ ಅಗಲ. ಮನೆಯ ಹಿರಿಯಳು ಅದರ ಯಜಮಾನಿ. ಹಗೇವು ತೆಗೆದಾಗಲೆಲ್ಲ ಜೋಳ ಎಲ್ಲಿಯ ತನಕ ಇಳಿದಿದೆ ಎಂದು ಆಕೆ ನೋಡುತ್ತಿದ್ದಳು. ತಳ ಕಾಣುವ ತನಕ ಕಾಯುತ್ತಿರಲಿಲ್ಲ. ಮಳೆ ಹಿಂದಾಯಿತೋ, ಅಂದೇ ಬೀಸುವ ಸೇರಿಗೆ ಕಡಿವಾಣ. ಹಗೇವು ತುಂಬಿದ್ದರೆ? ಆಗ ಧಾರಾಳವಾಗಿ ಬಡಿಸುತ್ತಿದ್ದಳು. ಆದರೆ ತುಂಬಿ ಹೆಚ್ಚಾಯಿತೆಂದು ಒಂದು ಸೇರು ಜೋಳವನ್ನೂ ಹೊರಗೆ ಚೆಲ್ಲುತ್ತಿರಲಿಲ್ಲ. ಈ ಕೊನೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೊಬ್ಬು ಮೈಯ ಹಗೇವು. ಮಿದುಳು ಅದರ ಯಜಮಾನಿ.

ಸುದ್ದಿ ಮುಟ್ಟಿಸುವುದು ಕೊಬ್ಬೇ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಕೊಬ್ಬು ಹೆಚ್ಚಿದ್ದರೆ ಲೆಪ್ಟಿನ್ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಅದು ರಕ್ತದ ಜತೆ ಹೈಪೊಥಲಾಮಸ್ ಮುಟ್ಟುತ್ತದೆ. ಅಲ್ಲಿ ಎರಡು ಬಗೆಯ ನರಕೋಶಗಳಿವೆ. ಒಂದು ಬಗೆಯದು "ತಿನ್ನು" ಅನ್ನುತ್ತದೆ, ಇನ್ನೊಂದು "ಸಾಕು" ಅನ್ನುತ್ತದೆ. ಲೆಪ್ಟಿನ್ ಬಂದರೆ ಮೊದಲನೆಯದು ಸುಮ್ಮನಾಗುತ್ತದೆ, ಎರಡನೆಯದು ಮಾತಾಡುತ್ತದೆ.

ಈ ಲೆಪ್ಟಿನ್ ಸಿಕ್ಕ ಕಥೆ ದೊಡ್ಡದು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ಕೆಲವು ಇಲಿಮರಿಗಳು ಹುಟ್ಟಿದವು. ಬೆಳೆದಾಗ ಬೇರೆ ಇಲಿಗಳ ಮೂರು ಪಟ್ಟು ತೂಗಿದವು. ತಿಂದಷ್ಟೂ ಅವಕ್ಕೆ ಹಸಿವು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಡಗ್ಲಸ್ ಕೋಲ್ಮನ್, ಇವಕ್ಕೆ ರಕ್ತದಲ್ಲಿ ಬರಬೇಕಾದ ಯಾವುದೋ ಸುದ್ದಿ ಬರುತ್ತಿಲ್ಲ ಎಂದು ತರ್ಕಿಸಿದರು. ಆ ಸುದ್ದಿಯ ವಂಶವಾಹಿಯನ್ನು 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್ಮನ್ ಕಂಡುಹಿಡಿದರು. ಅದೇ ಲೆಪ್ಟಿನ್. ಅಂದರೆ ಹುಡುಕಾಟಕ್ಕೆ ನಲವತ್ತೈದು ವರ್ಷ ಹಿಡಿಯಿತು.

ಮನುಷ್ಯರಲ್ಲೂ ಹೀಗೇ ಇದೆಯೇ? ಇಂಗ್ಲೆಂಡಿನಲ್ಲಿ ನೆಲೆಸಿದ್ದ ಪಾಕಿಸ್ತಾನಿ ಮೂಲದ ಒಂದು ಮನೆತನದಲ್ಲಿ ಇಬ್ಬರು ಮಕ್ಕಳಿದ್ದರು. ಹುಟ್ಟುವಾಗ ಎಲ್ಲ ಕೂಸುಗಳಂತೆಯೇ ಇದ್ದವರು. ಮುಂದೆ ಹಸಿವು ತಡೆಯಲಾರದೆ ಅಳುತ್ತಿದ್ದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ. ಎರಡು ವರ್ಷದ ಹುಡುಗನದು 29 ಕಿಲೋ. ಇವರ ರಕ್ತದಲ್ಲಿ ಲೆಪ್ಟಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು 1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿ, ಸದಫ್ ಫಾರೂಕಿ ಮತ್ತು ಜತೆಗಾರರು ತೋರಿಸಿದರು. ಹುಡುಗಿಗೆ ದಿನಕ್ಕೊಂದು ಲೆಪ್ಟಿನ್ ಸೂಜಿ ಶುರುವಾಯಿತು. ವರ್ಷದಲ್ಲಿ ಹದಿನಾರು ಕಿಲೋ ಇಳಿಯಿತು. ಪಥ್ಯವಿಲ್ಲ, ಗದರಿಕೆಯಿಲ್ಲ. ಸುದ್ದಿ ಮುಟ್ಟಿತು, ಹಸಿವು ಇಳಿಯಿತು. ಅಲ್ಲಿಯ ತನಕ ಎಷ್ಟು ಜನ ಆ ಮಗುವಿನ ತಾಯಿಗೆ "ನೀವೇ ತಿನಿಸಿ ಕೆಡಿಸಿದ್ದೀರಿ" ಅಂದಿರಬಹುದು, ಯೋಚಿಸಿ.

ಆ ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳು. ನಮ್ಮ ಭಾಗದಲ್ಲೂ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇದೆ. ಆದರೆ ಹೆದರಬೇಡಿ. ಈ ಕಾಯಿಲೆ ಜಗತ್ತಿನಲ್ಲೇ ಅತಿ ವಿರಳ. ಕೂಸು ವರ್ಷ ತುಂಬುವುದರೊಳಗೇ ವಿಪರೀತ ಕೊಬ್ಬಿ, ಹಸಿವಿಗೆ ಹಟ ಹಿಡಿದರೆ ಮಾತ್ರ ದೊಡ್ಡ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ.

ಹಾಗಾದರೆ ಎಲ್ಲ ದಪ್ಪ ಮೈಯವರಿಗೂ ಲೆಪ್ಟಿನ್ ಕೊಟ್ಟರಾಯಿತಲ್ಲ? ವಿಜ್ಞಾನಿಗಳೂ ಹಾಗೇ ಆಸೆಪಟ್ಟಿದ್ದರು. ಆಗಲಿಲ್ಲ. ಬಹುಪಾಲು ದಪ್ಪ ಮೈಯವರ ರಕ್ತದಲ್ಲಿ ಲೆಪ್ಟಿನ್ ಬೇಕಾದಷ್ಟಿದೆ. ಮಿದುಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಹಗೇವಿನ ಯಜಮಾನಿಗೆ ಜೋಳ ಕಡಿಮೆಯಾದ ಸುದ್ದಿಯಲ್ಲಿ ಇರುವ ಗಾಬರಿ, ಜೋಳ ಹೆಚ್ಚಾದ ಸುದ್ದಿಯಲ್ಲಿ ಇಲ್ಲ.

ಕೇಳುಗರೇ, ಮತ್ತೊಮ್ಮೆ ಹೇಳುತ್ತೇನೆ. ಕೊಬ್ಬು ಸುದ್ದಿ ಕಳಿಸುತ್ತದೆ, ಮಿದುಳು ಓದಿಕೊಳ್ಳುತ್ತದೆ. ಕೊರತೆಯ ಸುದ್ದಿಗೆ ಅದು ಕೂಡಲೇ ಏಳುತ್ತದೆ, ಹೆಚ್ಚಳದ ಸುದ್ದಿಗೆ ಸಾವಕಾಶ. ಈಗ ಕೊರತೆ ಬಂದಾಗ ಅದು ಏನೇನು ಮಾಡುತ್ತದೆ ನೋಡೋಣ.

ಎರಡನೇ ಮಹಾಯುದ್ಧದ ಕೊನೆಗಾಲ, 1944-45. ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ದಿನಕ್ಕೆ ಸುಮಾರು 1,600 ಕ್ಯಾಲೊರಿ. ಜತೆಗೆ ವಾರವಾರ ಮೈಲಿಗಟ್ಟಲೆ ನಡಿಗೆ. ತೂಕ ಕಾಲು ಭಾಗ ಇಳಿಯಿತು. ಆದರೆ ಸುಮ್ಮನೆ ಮಲಗಿದ್ದಾಗ ಮೈ ಸುಡುವ ಶಕ್ತಿ ಅದಕ್ಕಿಂತ ಹೆಚ್ಚು, ನೂರಕ್ಕೆ ನಲವತ್ತರಷ್ಟು ಇಳಿಯಿತು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ಮೆಟ್ಟಿಲು ಹತ್ತಲು ಬೇಸರ. ಹುಡುಗಿಯರ ಮಾತು ಬಿಟ್ಟು ಅಡುಗೆ ಪುಸ್ತಕ ಓದಲು ಕೂತರು. ಮಿದುಳು ಒಂದು ಕೈಯಿಂದ ಖರ್ಚು ಹಿಡಿಯಿತು, ಇನ್ನೊಂದು ಕೈಯಿಂದ ಅನ್ನದ ಕಡೆಗೆ ನೂಕಿತು. ಪ್ರಯೋಗ ಮುಗಿದು ಊಟ ಬಿಟ್ಟಾಗ ಹೊಟ್ಟೆ ಬಿರಿಯುವಷ್ಟು ಉಂಡರೂ ಹಸಿವು ಹೋಗಲಿಲ್ಲ. ಮೊದಲು ಮರಳಿದ್ದು ಕೊಬ್ಬು. ಮಾಂಸಖಂಡ ಮರಳಿದ್ದು ತಡವಾಗಿ.

ಇದನ್ನು ಓದುವಾಗ ನನಗೆ ನಮ್ಮದೇ ನೆಲದ ಒಂದು ಲೆಕ್ಕ ನೆನಪಾಗುತ್ತದೆ. 1876ರಿಂದ 78ರ ದೊಡ್ಡ ಬರ. ಬಳ್ಳಾರಿ, ರಾಯಚೂರು, ವಿಜಯಪುರ, ಕಲಬುರಗಿ ಎಲ್ಲ ಅದರ ಬಾಯಿಗೆ ಸಿಕ್ಕವು. ಬ್ರಿಟಿಷರ ಆಳ್ವಿಕೆಯ ಮದ್ರಾಸ್ ಪ್ರಾಂತ್ಯದಲ್ಲಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ಎಷ್ಟು ಧಾನ್ಯ ಸಾಕು ಎಂಬ ಚರ್ಚೆ ನಡೆಯಿತು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ದಿನಕ್ಕೆ ಒಂದು ಪೌಂಡ್, ಅಂದರೆ ನಾಲ್ಕುನೂರೈವತ್ತು ಗ್ರಾಂ ಧಾನ್ಯ ಮತ್ತು ಮೇಲೊಂದಿಷ್ಟು ಚಿಲ್ಲರೆ ಕಾಸು ಸಾಕೆಂದ. ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಶ್ ಇದು ಸಾಲದು ಎಂದು ಜಗಳವಾಡಿದ. ಒಂದು ಪೌಂಡ್ ಧಾನ್ಯಕ್ಕೆ ಹತ್ತಿರಹತ್ತಿರ 1,600 ಕ್ಯಾಲೊರಿ. ಮಿನ್ನೆಸೋಟದ ತರುಣರಿಗೆ ಸಿಕ್ಕದ್ದೂ ಅಷ್ಟೇ. ಅವರಿಗೆ ವೈದ್ಯರ ಕಾವಲಿತ್ತು, ಮುಗಿಯುವ ದಿನ ಗೊತ್ತಿತ್ತು. ನಮ್ಮವರಿಗೆ ಬಿಸಿಲಲ್ಲಿ ಸುತ್ತಿಗೆ ಇತ್ತು.

ಬರಗಳನ್ನು ದಾಟಿ ಬಂದವರ ಮಕ್ಕಳು ನಾವು. ಹಾಗಾಗಿಯೇ ನಮ್ಮ ಮೈ ಕೊಬ್ಬು ಕೂಡಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆಂದದ ಮಾತು, ಆದರೆ ವಂಶವಾಹಿಯಲ್ಲಿ ಅದಕ್ಕೆ ಗಟ್ಟಿ ಸಾಕ್ಷಿ ಇನ್ನೂ ಇಲ್ಲ. ನಾನು ಅದನ್ನು ಊಹೆ ಎಂದೇ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಜತೆಗಾರರು ಅರೆಹೊಟ್ಟೆಯ ಕೂಲಿಕಾರರ ಉಸಿರನ್ನು ಅಳೆದು, ಮಲಗಿದ್ದಾಗ ಮೈ ಎಷ್ಟು ಶಕ್ತಿ ಸುಡುತ್ತದೆ ಎಂದು ನೋಡಿದರು. ಅವರಲ್ಲಿ ಖರ್ಚು ಕಡಿಮೆಯೇ ಇತ್ತು. ಆದರೆ ಅದರಲ್ಲಿ ಬಹುಪಾಲು, ಮೈಯೇ ಸಣ್ಣದಾದದ್ದಕ್ಕೆ ಇಳಿದ ಖರ್ಚು ಎಂದು ಮುಂದಿನ ಅಳತೆಗಳಿಂದ ತಿಳಿಯಿತು. ಬಡತನ ಮೈಯನ್ನು ಜಾಣ ಮಾಡುವುದಿಲ್ಲ, ಕಿರಿದು ಮಾಡುತ್ತದೆ.

ಕೊಬ್ಬು ಕೂಡಿಡುವ ಮೈಯ ಬಗ್ಗೆ ಮೈಸೂರಿನಿಂದ ಬಂದ ಸಾಕ್ಷಿ ಇನ್ನೂ ಗಟ್ಟಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟ ದಫ್ತರಗಳಿದ್ದವು. ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು 1990ರ ದಶಕದಲ್ಲಿ ಆ ಕೂಸುಗಳನ್ನು, ಅಂದರೆ ಆ ಹೊತ್ತಿಗೆ ನಡುವಯಸ್ಸಿನವರಾದವರನ್ನು, ಹುಡುಕಿಕೊಂಡು ಹೋದರು. ಐದುನೂರಕ್ಕೂ ಹೆಚ್ಚು ಜನ ಸಿಕ್ಕರು. ಸಣ್ಣಗೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. 1997ರಿಂದ ಅದೇ ಆಸ್ಪತ್ರೆಯಲ್ಲಿ ಹೊಸ ಬಸುರಿಯರನ್ನು, ಅವರ ಮಕ್ಕಳನ್ನು ಹಿಂಬಾಲಿಸುವ ಕೆಲಸ ಶುರುವಾಯಿತು. ಜಿ. ವಿ. ಕೃಷ್ಣವೇಣಿ ಅದನ್ನು ಮುಂದುವರಿಸಿದವರಲ್ಲಿ ಒಬ್ಬರು. ಇಂಗ್ಲೆಂಡಿನ ಕೂಸಿಗಿಂತ ಮೈಸೂರಿನ ಕೂಸು ಅರ್ಧ ಕಿಲೋದಷ್ಟು ಹಗುರ. ಮಾಂಸ ಕಡಿಮೆ. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಡಿಮೆಯಿಲ್ಲ. ತೊಟ್ಟಿಲಲ್ಲೇ ಹಗೇವು ಸಿದ್ಧ.

ಇದರಿಂದ ತಕ್ಕಡಿ ನಮಗೆ ಪೂರ್ತಿ ನಿಜ ಹೇಳುವುದಿಲ್ಲ. ತೆಳ್ಳಗಿದ್ದವರ ಹೊಟ್ಟೆಯೊಳಗೂ ಕೊಬ್ಬು ಕೂತಿರಬಹುದು, ಸಕ್ಕರೆ ಕಾಯಿಲೆ ಬರಬಹುದು. ಐದೂವರೆ ಅಡಿಗೆ ತುಸು ಕಡಿಮೆ ಎತ್ತರದವನಿಗೆ 68 ಕಿಲೋ ತನಕ ಅಡ್ಡಿಯಿಲ್ಲ ಎನ್ನುತ್ತದೆ ಜಗತ್ತಿನ ಲೆಕ್ಕ. ನಮ್ಮವರಿಗೆ ಅದು 63ಕ್ಕೇ ಎಚ್ಚರಿಕೆ.

ಈಗ ಮೊದಲು ಕೇಳಿದ ಅಣ್ಣ ತಮ್ಮಂದಿರ ಪ್ರಶ್ನೆಗೆ ಬರೋಣ. ಮಿದುಳು ಲೆಕ್ಕ ಇಡುತ್ತದೆ, ಕೊರತೆ ಬಂದರೆ ಖರ್ಚು ಹಿಡಿಯುತ್ತದೆ ಎಂದೆವು. ಆದರೆ ಎಲ್ಲರ ಮಿದುಳೂ ಒಂದೇ ಕೈಯವಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹದಿನಾರು ಜನಕ್ಕೆ ಎಂಟು ವಾರ ದಿನಾಲು ಸಾವಿರ ಕ್ಯಾಲೊರಿ ಹೆಚ್ಚಿಗೆ ಉಣ್ಣಿಸಿದರು. ಇದು 1999ರ ಮಾತು. ಒಬ್ಬನಿಗೆ ಅರ್ಧ ಕಿಲೋ ಕೊಬ್ಬೂ ಏರಲಿಲ್ಲ. ಇನ್ನೊಬ್ಬನಿಗೆ ನಾಲ್ಕು ಕಿಲೋ ದಾಟಿತು. ಏರದವರು ಗೊತ್ತಿಲ್ಲದೆಯೇ ಹೆಚ್ಚು ಅಲುಗಾಡುತ್ತಿದ್ದರು. ಕಾಲು ಕುಣಿಸುವುದು, ಎದ್ದು ಕೂಡುವುದು, ನಿಂತೇ ಮಾತಾಡುವುದು. ಯಾರೂ ಹೇಳಿಕೊಟ್ಟದ್ದಲ್ಲ. ಮಿದುಳು ಒಳಗಿನಿಂದಲೇ ಮಾಡಿಸಿದ್ದು. ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳನ್ನು ನೋಡಿದಾಗ, ದೊಡ್ಡವರಾದ ಮೇಲೆ ಅವರ ಮೈ ಹೋಲುತ್ತಿದ್ದದ್ದು ಹೆತ್ತವರನ್ನು, ಸಾಕಿದವರನ್ನಲ್ಲ. ಹಾಗಾಗಿ ತಮ್ಮನಿಗೆ "ಬಾಯಿ ಕಟ್ಟು" ಅನ್ನುವ ಮೊದಲು ತುಸು ತಡೆಯಿರಿ. ಅವನು ಅಣ್ಣನಿಗಿಂತ ಕಡಿಮೆಯೇ ಉಣ್ಣುತ್ತಿದ್ದಾನೆ.

ಹಾಗಂತ ಎಲ್ಲವೂ ಹುಟ್ಟಿನಿಂದಲೇ ಬಂದದ್ದಲ್ಲ. ಮಿದುಳಿನಲ್ಲಿ ಹಸಿವಿನ ದಾರಿ ಒಂದು, ರುಚಿಯ ದಾರಿ ಇನ್ನೊಂದು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂತಿದ್ದೀರಿ. ಸಜ್ಜಿ ರೊಟ್ಟಿ ಆಯಿತು, ಭಜ್ಜಿ ಪಲ್ಯ ಆಯಿತು, ಅಂಬಲಿಯೂ ಆಯಿತು. "ಸಾಕವ್ವಾ, ಇನ್ನ ಒಂದ ತುತ್ತ ಹೋಗಂಗಿಲ್ಲ" ಅನ್ನುತ್ತೀರಿ. ಅಷ್ಟರಲ್ಲಿ ಅಕ್ಕ ಶೇಂಗಾ ಹೋಳಿಗೆಯ ಬುಟ್ಟಿ ತೆಗೆಯುತ್ತಾಳೆ. ಎರಡು ಹೋಗುತ್ತವೆ. ಸುಳ್ಳು ಹೇಳಿದ್ದಲ್ಲ. ಖಾರದ ರುಚಿಗೆ ಮಿದುಳು ದಣಿದಿತ್ತು, ಸಿಹಿಗೆ ದಣಿದಿರಲಿಲ್ಲ. ವರ್ಷಕ್ಕೊಮ್ಮೆ ಹೀಗಾದರೆ ಮಿದುಳು ಮರುದಿನ ಸರಿಮಾಡಿಕೊಳ್ಳುತ್ತದೆ. ಆದರೆ ಈಗ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ, ಕಿರಾಣಿ ಅಂಗಡಿಯ ಮುಂದೆ ನೇತುಹಾಕಿದ ಐದು ರೂಪಾಯಿಯ ಪಾಕೀಟುಗಳಲ್ಲಿ, ದಿನಾಲೂ ಎಳ್ಳ ಅಮಾವಾಸ್ಯೆ. ಸಕ್ಕರೆ, ಎಣ್ಣೆ, ಉಪ್ಪು ಕೂಡಿದ ಆ ರುಚಿ "ಸಾಕು" ಎಂಬ ದನಿಯನ್ನು ಅಡಗಿಸುತ್ತದೆ. ಹಬ್ಬದ ಹೋಳಿಗೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಶಾಲೆಯ ಗೇಟಿನ ಮುಂದಿನ ಪಾಕೀಟಿನದು.

ಇನ್ನೊಂದು ಮಾತು ರೈತ ಬಾಂಧವರಿಗೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ನೀರು ಹಾಯಿಸಲು ಹೋಗುತ್ತೀರಿ. ಆ ನಿದ್ದೆಗೇಡಿಗೂ ಹಸಿವಿಗೂ ನಂಟಿದೆ. ಶಿಕಾಗೋದಲ್ಲಿ 2004ರಲ್ಲಿ ಹನ್ನೆರಡು ತರುಣರಿಗೆ ಎರಡು ರಾತ್ರಿ ನಾಲ್ಕೇ ತಾಸು ನಿದ್ದೆ ಕೊಟ್ಟು ನೋಡಿದರು. ಲೆಪ್ಟಿನ್ ಐದರಲ್ಲಿ ಒಂದು ಪಾಲು ಇಳಿಯಿತು. ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಕಾಲು ಭಾಗ ಏರಿತು. ಅವರು ಬಯಸಿದ್ದು ಸಿಹಿ, ಉಪ್ಪು, ಹಿಟ್ಟಿನ ತಿನಿಸು. ನೀರು ಹಾಯಿಸಿ ಬಂದ ಮುಂಜಾನೆ ಚಹಾದ ಜತೆ ಖಾರಿ, ಟೋಸ್ಟು ಎರಡು ಹೆಚ್ಚಿಗೆ ಹೋಗುವುದು ನಿಮ್ಮ ಚಪಲವಲ್ಲ. ಹಗಲು ಕರೆಂಟ್ ಕೊಡಿ ಎಂಬ ರೈತರ ಬೇಡಿಕೆಯಲ್ಲಿ ಹಾವು ಚೇಳಿನ ಭಯದ ಮಾತು ಇದೆ. ಆರೋಗ್ಯದ ಮಾತನ್ನೂ ಅದಕ್ಕೆ ಸೇರಿಸಬಹುದು.

ಕೊನೆಗೆ ಔಷಧದ ಮಾತು. ಇಲ್ಲಿಯ ತನಕ ಕೊಬ್ಬಿನ ಸುದ್ದಿ, ನಿದ್ದೆಯ ಸುದ್ದಿ, ರುಚಿಯ ಸುದ್ದಿ ನೋಡಿದೆವು. ಊಟವಾದ ಮೇಲೆ ಕರುಳಿನಿಂದಲೂ ಮಿದುಳಿಗೆ "ಸಾಕು" ಎಂಬ ಸುದ್ದಿ ಹೋಗುತ್ತದೆ. ಆ ಸುದ್ದಿಯನ್ನೇ ಅನುಕರಿಸುವ ಸೂಜಿಮದ್ದುಗಳು ಈಗ ಬಂದಿವೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅವುಗಳ ಹೆಸರು. 2025ರಿಂದ ತೂಕ ಇಳಿಸಲೆಂದೇ ನಮ್ಮ ದೇಶದಲ್ಲೂ ಸಿಗುತ್ತಿವೆ. ವಾರಕ್ಕೊಂದು ಸೂಜಿ. ಸೆಮಾಗ್ಲುಟೈಡ್ ತೆಗೆದುಕೊಂಡವರಲ್ಲಿ ಒಂದೂಕಾಲು ವರ್ಷದಲ್ಲಿ ತೂಕ ನೂರಕ್ಕೆ ಹದಿನೈದರಷ್ಟು ಇಳಿಯಿತು. ಆದರೆ ಬಿಟ್ಟವರಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ಮರಳಿ ಬಂತು. ಯಾಕೆ ಬಂತೆಂದು ನಿಮಗೀಗ ಗೊತ್ತು. ಮಿದುಳು ಇಳಿಕೆಯನ್ನು ಕೊರತೆ ಎಂದೇ ಬರೆದುಕೊಂಡಿತು. ವಾಕರಿಕೆ, ವಾಂತಿ ಇರುತ್ತವೆ. ಕೆಲವರಿಗೆ ಇದು ಹೊಂದುವುದೇ ಇಲ್ಲ. ವೈದ್ಯರ ಚೀಟಿಯಿಲ್ಲದೆ, ಪರಿಚಯದ ಔಷಧ ಅಂಗಡಿಯಲ್ಲಿ ಕೇಳಿ ತರುವ ವಸ್ತು ಇದಲ್ಲ. ಎಷ್ಟು ವರ್ಷ ತೆಗೆದುಕೊಳ್ಳಬೇಕು, ತಿಂಗಳಿಗೆ ಎಷ್ಟು ಖರ್ಚು, ಬಿಟ್ಟರೆ ಏನಾಗುತ್ತದೆ ಎಂದು ಮೊದಲೇ ಕೇಳಿ.

ಇವತ್ತೇ ಮಾಡಬಹುದಾದದ್ದೂ ಒಂದಿದೆ. ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪು ಇದ್ದೀತು. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಸುತ್ತಿ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ರಕ್ತದ ಸಕ್ಕರೆ, ರಕ್ತದೊತ್ತಡ ಎರಡನ್ನೂ ನೋಡಿಸಬೇಕು. ತೆಳ್ಳಗಿದ್ದೇನೆ ಎಂದು ಬಿಡಬೇಡಿ. ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಪುಕ್ಕಟೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಬರಬೇಕೆಂದು ಹೇಳುತ್ತಾಳೆ.